ಯಂತ್ರದ ಹೆಸರಿನಲ್ಲಿ ದುಡಿಯುವ ಮಂದಾಕಿನಿ

ಬೆಳಗಿನ ಐದು ಗಂಟೆ. ಅಹಮದಾಬಾದಿನ ನವರಂಗಪುರದಲ್ಲಿ ಆಟೋಗಳ ಸದ್ದು ಇನ್ನೂ ಎದ್ದಿಲ್ಲ. ಬಾಗಿಲೆಳೆದ ಅಂಗಡಿಸಾಲಿನ ಮೇಲೆ, ಮೂರನೇ ಮಹಡಿಯಲ್ಲಿ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ. ಮಂದಾಕಿನಿ ಐತಾಳ ಶಾಲನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಅಮೆರಿಕದಲ್ಲಿ ಈಗ ಶನಿವಾರದ ಸಂಜೆ. ಪರದೆಯ ಎಡಗಡೆಯಲ್ಲಿ ಅಲ್ಲಿನ ಐವರ ಮಾತು ಸಾಲುಸಾಲಾಗಿ ಮೇಲೇರುತ್ತಿದೆ. ಗುಹೆಯೊಂದರ ಬಾಯಲ್ಲಿ ನಿಂತ ಬಿಲ್ಲುಗಾರ ಮೂರು ಬಾಣ ಬಿಟ್ಟ. ಎರಡು ತಾಗಿದವು, ಒಂದು ಬಂಡೆಗೆ ಬಡಿದು ಮುರಿಯಿತು. ಮಂದಾಕಿನಿ ಬಲಗಡೆಯಲ್ಲಿ ಬಿಲ್ಲುಗಾರನ ಹಾಳೆ ತೆರೆದು ಬಾಣಗಳಲ್ಲಿ ಮೂರು ಕಳೆಯುತ್ತಾರೆ, ಮುಂದಿನ ಹಾಳೆಗೆ ಹೋಗುತ್ತಾರೆ.

ಆ ಬಿಲ್ಲುಗಾರನನ್ನು ಆಡಿಸುತ್ತಿರುವಾತ ಎಲ್ಲೋ ತನ್ನ ಮನೆಯಲ್ಲಿ ಕೂತು, ಅಂಕಿ ತಾನಾಗಿ ಬದಲಾದದ್ದನ್ನು ನೋಡುತ್ತಾನೆ. ತಾನಾಗಿಯೇ ಬದಲಾಯಿತು ಎಂದು ಅವನು ನಂಬಿದ್ದಾನೆ. ಅವನು ದುಡ್ಡು ಕಟ್ಟಿ ಸೇರಿರುವ ವೆಬ್‌ಸೈಟಿನ ಮೊದಲ ಪುಟದಲ್ಲೇ ಹಾಗೆ ಬರೆದಿದೆ: ನಿಮ್ಮ ಹಾಳೆಯನ್ನು ನಮ್ಮ ಯಂತ್ರವೇ ತಿದ್ದುತ್ತದೆ.

ಆ ಯಂತ್ರಕ್ಕೆ ನಲವತ್ತು ವರ್ಷ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹೆಣ್ಣು, ಬಿ.ಕಾಂ. ಓದಿದವರು. ಚಳಿಗಾಲದಲ್ಲಿ ಬೆರಳ ಸಂದಿ ನೋಯುತ್ತದೆಂದು ಎಣ್ಣೆ ಹಚ್ಚಿಕೊಂಡು ಬರುತ್ತಾರೆ.

ಆಟ ಎಂಥದ್ದೆಂದು ತಿಳಿಯುವುದಕ್ಕೆ ಮಂದಾಕಿನಿಯವರಿಗೂ ಒಂದು ತಿಂಗಳು ಹಿಡಿಯಿತಂತೆ. ಮೊದಲೆಲ್ಲ ಇದು ಮೇಜಿನ ಸುತ್ತ ಕೂತು ಬಾಯಿಮಾತಿನಲ್ಲೇ ಆಡುತ್ತಿದ್ದ ಆಟ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ದಾಳ ಬಿದ್ದ ಹಾಗೆ ಏಟು ತಾಗುತ್ತದೆ ಇಲ್ಲವೆ ತಪ್ಪುತ್ತದೆ. ಇಂಟರ್ನೆಟ್ಟು ಬಂದ ಮೇಲೆ ಬೇರೆ ಬೇರೆ ಊರಿನವರು ಟೈಪು ಮಾಡುತ್ತಲೇ ಆಡುತ್ತಾರೆ. ಪ್ರತಿ ಪಾತ್ರಕ್ಕೂ ಒಂದು ಹಾಳೆಯಿದೆ. ಕಚೇರಿಯಲ್ಲಿ ಅದನ್ನು ಶೀಟು ಎನ್ನುತ್ತಾರೆ. ಬಲವೆಷ್ಟು, ಬುದ್ಧಿಯೆಷ್ಟು, ಚೀಲದಲ್ಲಿ ಏನೇನಿದೆ, ಇನ್ನೆಷ್ಟು ಏಟು ತಾಳಿಯಾನು, ಎಲ್ಲವೂ ಅದರಲ್ಲಿ.

“ಕತೆ ನಡೆಸುವವ ಅಂದ್ರೆ ನಮ್ಮ ಭಾಗವತರಿದ್ದ ಹಾಗೆ. ಶೀಟು ಅಂದ್ರೆ ಜಾತಕ. ಆದ್ರೆ ಈ ಜಾತಕ ಗಳಿಗೆಗೊಮ್ಮೆ ಬದಲಾಗ್ತದೆ, ಬದಲು ಮಾಡುದು ನಾವು” ಎನ್ನುತ್ತಾರೆ ಮಂದಾಕಿನಿ.

ಬೆಳಗಿನ ಪಾಳಿಯಲ್ಲಿ ಹೆಂಗಸರೇ ಹೆಚ್ಚು. ಒಬ್ಬೊಬ್ಬರ ಪಾಲಿಗೆ ನಲವತ್ತರಷ್ಟು ಶೀಟುಗಳು ಬರುತ್ತವೆ. ಏಟು ಬಿದ್ದ ಅರೆನಿಮಿಷದೊಳಗೆ ಅಂಕಿ ಬದಲಾಗಬೇಕು, ತಡವಾದರೆ ಆ ಕಡೆಯವರಿಗೆ ಅನುಮಾನ. ಕೆಲಸಕ್ಕೆ ಸೇರುವಾಗ ಎಲ್ಲರೂ ಒಂದು ಕರಾರಿಗೆ ಸಹಿ ಹಾಕಿದ್ದಾರೆ. ಆಟಗಾರರಿಗೆ ಒಂದಕ್ಷರ ಬರೆಯಕೂಡದು, ತಾವು ಇದ್ದೇವೆಂಬುದು ಯಾರಿಗೂ ತಿಳಿಯಕೂಡದು. ವಡೋದರಾದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುವ ಮಗಳು ಪ್ರಾರ್ಥನಾಗೂ ಅಮ್ಮ ಮಾಡುವ ಕೆಲಸ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಗುಜರಾತಿಯಲ್ಲೇ ಬೆಳೆದ ಹುಡುಗಿ, ಕನ್ನಡ ಮಾತಾಡಿಸಿದರೆ ಎರಡು ಮಾತಿಗೆ ಗುಜರಾತಿಗೆ ಜಾರುತ್ತಾಳೆ. ಅಮ್ಮ ಯಾವುದೋ ಲೆಕ್ಕ ಟೈಪು ಮಾಡುತ್ತಾಳೆ ಎಂದಷ್ಟೇ ಗೆಳತಿಯರಿಗೆ ಹೇಳಿಕೊಂಡಿದ್ದಳು.

ಇದಕ್ಕೆ ಮೊದಲು ಮಣಿನಗರದಲ್ಲಿ ಐತಾಳರದೇ ಒಂದು ಹೋಟೆಲಿತ್ತು. ಗಂಡ ಶಂಕರನಾರಾಯಣ ಐತಾಳರು ಒಲೆಯ ಮುಂದೆ, ಮಂದಾಕಿನಿ ಗಲ್ಲಾದಲ್ಲಿ. ಗುಜರಾತಿಗಳ ನಾಲಿಗೆಗೆ ತಕ್ಕಂತೆ ಸಾಂಬಾರಿಗೆ ಒಂದಿಷ್ಟು ಬೆಲ್ಲ ಜಾಸ್ತಿ ಬೀಳುತ್ತಿತ್ತು. ಧಾರವಾಡದಿಂದ ಕೆಲಸಕ್ಕೆ ಬಂದು ಊರಂಚಿನ ಬೋಪಾಲ್ ಬಡಾವಣೆಯ ಫ್ಲ್ಯಾಟಿನಲ್ಲಿದ್ದ ನಿತಿನ್ ಎಂಬ ತರುಣ ಭಾನುವಾರ ಅಷ್ಟು ದೂರದಿಂದ ಸ್ಕೂಟರಿನಲ್ಲಿ ಊಟಕ್ಕೆ ಬರುತ್ತಿದ್ದ. ಕನ್ನಡ ಕೇಳಿದರೆ ಅನ್ನ ಇಳಿಯುತ್ತದೆ ಎನ್ನುತ್ತಿದ್ದನಂತೆ. 2001ರ ಗಣರಾಜ್ಯೋತ್ಸವದ ಬೆಳಿಗ್ಗೆ ಭೂಮಿ ನಡುಗಿದಾಗ ಹೋಟೆಲಿದ್ದ ಕಟ್ಟಡ ಬೀಳಲಿಲ್ಲ. ಆದರೆ ಕೆಳಗಿನ ಕಂಬಗಳೆಲ್ಲ ಬಿರುಕುಬಿಟ್ಟವು. ಒಳಗೆ ಕಾಲಿಡಕೂಡದೆಂದು ಬಾಗಿಲಿಗೆ ಚೀಟಿ ಬಿತ್ತು. ಐತಾಳರು ಈಗ ಸೂರತ್ತಿನಲ್ಲಿ ಇನ್ನೊಬ್ಬರ ಅಡುಗೆಮನೆಯಲ್ಲಿ ದುಡಿಯುತ್ತಾರೆ, ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ಮೂರು ಜನರ ಸಂಸಾರ ಮೂರು ಊರುಗಳಿಗೆ ಹಂಚಿಹೋಗಿದೆ.

ಈ ಕೆಲಸ ಕೊಡಿಸಿದ್ದು ಆ ನಿತಿನ್. ಅವನು ಇದೇ ಕಚೇರಿಯಲ್ಲಿ ಪ್ರೋಗ್ರಾಮು ಬರೆಯುತ್ತಾನೆ.

ಭೂಕಂಪದ ಮರುವರ್ಷ ಊರಲ್ಲಿ ಗಲಭೆಯೆದ್ದು ಕರ್ಫ್ಯೂ ಬಿದ್ದಾಗ ಬೆಳಗಿನ ಪಾಳಿಯವರು ಕಚೇರಿಯ ನೆಲದ ಮೇಲೇ ಮಲಗಿದರು. ಕಿಟಕಿಯಿಂದ ನೋಡಿದರೆ ನದಿಯಾಚೆ ಹೊಗೆ. ಪರದೆಯ ಮೇಲೆ ಆಟಗಾರರ ಗುಂಪೊಂದು ಶತ್ರುಗಳ ಹಳ್ಳಿಗೆ ಬೆಂಕಿಯಿಟ್ಟು, ಎಷ್ಟು ಮನೆ ಸುಟ್ಟವು, ಯಾರಿಗೆ ಎಷ್ಟು ಅಂಕ ಬಂತು ಎಂದು ಕಾಯುತ್ತಿತ್ತು. ಮಂದಾಕಿನಿ ಅಂಕ ಹಾಕಿದರು. “ಅವತ್ತು ಹೊಗೆ ನೋಡ್ತಾ ಒಂದು ಕಡೆ ತಪ್ಪಾಯ್ತು. ಯಂತ್ರ ಕೆಟ್ಟಿದೆ ಅಂತ ಅವ್ರು ಬೈದ್ರು. ಅವ್ರಿಗೆ ಎಂತ ಗೊತ್ತು ಪಾಪ.”

ಪ್ರತಿ ಶೀಟಿನ ತಳದಲ್ಲಿ ಒಂದು ಖಾಲಿ ಚೌಕವಿದೆ. ಆಟಗಾರ ತನಗಾಗಿ ಏನು ಬೇಕಾದರೂ ಬರೆದುಕೊಳ್ಳುವ ಜಾಗ. ಬೇರೆ ಯಾರಿಗೂ ಕಾಣದೆಂದು ವೆಬ್‌ಸೈಟು ಹೇಳುತ್ತದೆ. ಆದರೆ ಎಷ್ಟೋ ಜನ ಕತ್ತಿ ಮಾರಿದ್ದನ್ನೂ ಕುದುರೆ ಕೊಂಡದ್ದನ್ನೂ ಅದರಲ್ಲೇ ಗೀಚುವುದರಿಂದ ಪಾಳಿಯವರು ಅದನ್ನು ಓದಲೇಬೇಕು. ಪರರ ಕಾಗದ ಕದ್ದು ಓದಿದ ಹಾಗೆ ಮೊದಮೊದಲು ಮಂದಾಕಿನಿಗೆ ಮೈ ಮುದುಡಿಕೊಳ್ಳುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಬಹುತೇಕ ಅಲ್ಲಿರುವುದು ಬಾಣ, ಬುತ್ತಿ, ಹಗ್ಗ.

ಕಾರ್ವೆನ್ ಎಂಬ ವೈದ್ಯನ ಚೌಕ ಹಾಗಿರಲಿಲ್ಲ.

ಕಾರ್ವೆನ್ ಶನಿವಾರದ ಗುಂಪಿನ ಒಂದು ಪಾತ್ರ. ಮೈಯಲ್ಲಿ ಬಲವಿಲ್ಲದ, ಚೀಲದ ತುಂಬ ಬೇರು-ಸೊಪ್ಪು ಹೊತ್ತು ತಿರುಗುವ ಮುದಿ ವೈದ್ಯ. ಅವನನ್ನು ಆಡಿಸುವಾತನ ಹೆಸರೇನು, ಊರು ಯಾವುದು ಎಂದು ಮಂದಾಕಿನಿಗೆ ಗೊತ್ತಿಲ್ಲ. ಶೀಟಿನಲ್ಲಿ ಅದೆಲ್ಲ ಬರುವುದಿಲ್ಲ. ಗೊತ್ತಿದ್ದುದು ಇಷ್ಟು: ಕಾರ್ವೆನ್ ತನಗೆ ಏಟು ಬಿದ್ದಾಗ ಔಷಧಿ ಮುಟ್ಟುತ್ತಿರಲಿಲ್ಲ, ಜೊತೆಯವರಿಗೆ ಬಿದ್ದಾಗ ಒಂದು ಬೇರನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. “ಅವನ ಚೀಲ ಯಾವಾಗ್ಲೂ ಖಾಲಿ ಆಗ್ತಿತ್ತು. ಇವ ಹೀಗೆ ಮಾಡಿದ್ರೆ ಹೇಗೆ ಅಂತ ನಂಗೇ ಚಿಂತೆ.”

ಒಂದು ಬೆಳಿಗ್ಗೆ ಕಾರ್ವೆನ್ನನ ಚೌಕದಲ್ಲಿ ಬೇರುಗಳ ಲೆಕ್ಕದ ಕೆಳಗೆ, ಇವತ್ತು ಅಮ್ಮನಿಗೆ ನನ್ನ ಗುರುತು ಸಿಗಲಿಲ್ಲ ಎಂಬ ಸಾಲಿತ್ತು. ಕೆಲವು ವಾರಗಳಾದ ಮೇಲೆ ಆತ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಸುದ್ದಿ. ಇನ್ನೊಮ್ಮೆ, ಅಮ್ಮನನ್ನು ಮಣ್ಣು ಮಾಡಿ ಬಂದೆ, ಮನೆಯಲ್ಲಿ ಗಡಿಯಾರದ ಸದ್ದು ಜಾಸ್ತಿಯಾಗಿದೆ ಎಂದಿತ್ತು. ಯಾರೂ ಓದುವುದಿಲ್ಲವೆಂಬ ನಂಬಿಕೆಯಲ್ಲಿ ಆತ ಬರೆಯುತ್ತಿದ್ದ. ಹಿಂದಿನ ಸಾಲನ್ನು ವಾರ ಕಳೆದ ಮೇಲೆ ತಾನೇ ಅಳಿಸುತ್ತಿದ್ದ. ಮಂದಾಕಿನಿ ಭಾನುವಾರ ಕಂಪ್ಯೂಟರು ಹೊತ್ತಿಸಿದೊಡನೆ ಎಲ್ಲರಿಗಿಂತ ಮೊದಲು ಅವನ ಶೀಟು ತೆರೆಯತೊಡಗಿದರು. ಏನೂ ಬರೆಯದಿದ್ದ ವಾರ ನೆಮ್ಮದಿಯೆನಿಸುತ್ತಿತ್ತು, ಜೊತೆಗೇ ಸಂಕಟವೂ ಆಗುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು.

ಕಳೆದ ಡಿಸೆಂಬರಿನ ಒಂದು ಭಾನುವಾರ ಆಟ ಮುಗಿಯುವ ಹೊತ್ತಿಗೆ ಕಾರ್ವೆನ್ ತನ್ನ ಸಾಮಾನು ಹಂಚತೊಡಗಿದ. ಹೇಸರಗತ್ತೆ ಬಿಲ್ಲುಗಾರನಿಗೆ. ಔಷಧಿಯ ಪುಸ್ತಕ ಗುಂಪಿನ ಹುಡುಗಿಗೆ. ಕಂಬಳಿ, ದೀಪ, ಕೊನೆಗೆ ಚೀಲವೂ. ಜೊತೆಯವರು ನಗೆಯಾಡಿದರು, ಮುದುಕನ ತಲೆಯಲ್ಲಿ ಯಾವುದೋ ತಂತ್ರವಿದೆ ಎಂದರು. ಅವನೂ ನಕ್ಕ, ಎಲ್ಲರಿಗೂ ಒಳ್ಳೆಯದಾಗಲಿ ಎಂದ. ಅವನ ಶೀಟಿನಿಂದ ಒಂದೊಂದೇ ತೆಗೆದು ಉಳಿದವರ ಶೀಟಿಗೆ ಹಾಕುವುದು ಮಂದಾಕಿನಿಯ ಕೆಲಸ. ಕತ್ತೆಯನ್ನು ದಾಟಿಸಿದರು. ಪುಸ್ತಕಕ್ಕೆ ಬರುವಾಗ ಕೈ ನಿಂತುಹೋಯಿತು.

ನಗುತ್ತ ಸಾಮಾನು ಕೊಡುವವರನ್ನು ಅವರು ಮುಂಚೆ ಒಮ್ಮೆ ನೋಡಿದ್ದರು. ಹೋಟೆಲು ಮುಚ್ಚಿದ ಬೇಸಿಗೆಯಲ್ಲಿ ಶಂಕರನಾರಾಯಣ ಐತಾಳರು ರುಬ್ಬುವ ಯಂತ್ರವನ್ನು ಒಬ್ಬರಿಗೆ, ಇಡ್ಲಿಯ ಪಾತ್ರೆಯನ್ನು ಇನ್ನೊಬ್ಬರಿಗೆ ಎಂದು ಪುಕ್ಕಟೆಯಾಗಿ ಕೊಟ್ಟುಬಿಟ್ಟರು. ತಿಂಗಳುಗಟ್ಟಲೆ ಮಾತಿಲ್ಲದೆ ಕೂತಿದ್ದ ಮನುಷ್ಯ ಆ ದಿನ ಹಸನ್ಮುಖಿಯಾಗಿದ್ದರು. ಅಕ್ಕಪಕ್ಕದವರು, ಐತಾಳರು ಸುಧಾರಿಸಿದರು ಎಂದರು. ಕೈಗಡಿಯಾರ ಬಿಚ್ಚಿ ಮಗಳ ಮಣಿಕಟ್ಟಿಗೆ ಕಟ್ಟಿದ್ದನ್ನು ಕಂಡಾಗ ಇದು ಸುಧಾರಿಸಿದ್ದಲ್ಲ ಎಂದು ಮಂದಾಕಿನಿಗೆ ಹೊಳೆಯಿತು. ಅವರು ಗಂಡನ ಕೈ ಹಿಡಿದುಕೊಂಡು ಕೂತರು, ಬಿಡಲಿಲ್ಲ. ಊಟಕ್ಕೂ ಏಳಲಿಲ್ಲ, ಏಳಗೊಡಲಿಲ್ಲ. ಸಂಜೆಯಾಗುವಾಗ ಐತಾಳರು ಬಿಕ್ಕಿ ಅತ್ತು, ಮನಸ್ಸಿನಲ್ಲಿದ್ದುದನ್ನು ಹೇಳಿದರು.

“ನಾನು ಬುದ್ಧಿ ಗಿದ್ಧಿ ಹೇಳ್ಲಿಲ್ಲ. ಕೈ ಹಿಡ್ಕೊಂಡು ಕೂತೆ, ಅಷ್ಟೆ. ಇವನದ್ದು ಕೈ ಎಲ್ಲುಂಟು ಹಿಡ್ಕೊಳ್ಳಿಕ್ಕೆ?”

ಅಷ್ಟರಲ್ಲಿ ಕಾರ್ವೆನ್ನನ ಚೌಕದಲ್ಲಿ ಹೊಸ ಸಾಲು ಮೂಡಿತು. ಇನ್ನು ಈ ಹಾಳೆಯನ್ನು ತಿದ್ದುವ ಕೆಲಸವಿಲ್ಲ, ಇಷ್ಟು ದಿನ ನನ್ನ ಲೆಕ್ಕ ಸರಿಯಾಗಿಟ್ಟದ್ದಕ್ಕೆ ಯಂತ್ರಕ್ಕೆ ಧನ್ಯವಾದ, ಎಂದು ಬರೆದಿದ್ದ.

ಮಂದಾಕಿನಿ ಮ್ಯಾನೇಜರ್ ಪರಿಮಲ್‌ಭಾಯಿಯವರ ಮನೆಗೆ ಫೋನು ಮಾಡಿದರು. ಭಾನುವಾರದ ನಿದ್ದೆಯಿಂದ ಎದ್ದ ಅವರು ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಮಂದಾಕಿನಿಬೆನ್, ಇದು ಆಟ, ಆಟದಲ್ಲಿ ಜನ ಏನೇನೋ ಬರೆಯುತ್ತಾರೆ ಎಂದರು. ನಾವು ಓದುತ್ತೇವೆಂದು ಹೊರಬಿದ್ದರೆ ಇಡೀ ಪಾಳಿಯ ಅನ್ನ ಹೋಗುತ್ತದೆ ಎಂದರು. ವೆಬ್‌ಸೈಟು ನಡೆಸುವ ಅಮೆರಿಕದ ಕಂಪನಿಗೆ ಮೇಲ್ ಹಾಕುತ್ತೇನೆ, ಆದರೆ ಅಲ್ಲಿ ಸೋಮವಾರದ ತನಕ ಯಾರೂ ಇರುವುದಿಲ್ಲ ಎಂದರು. ನಿತಿನ್‌ಗೆ ಫೋನು ಮಾಡಿ ಆ ಮನುಷ್ಯನ ವಿಳಾಸ ಸಿಕ್ಕೀತೇ ಎಂದು ಕೇಳಿದರು. “ಅಕ್ಕಾರ, ಹೆಸರು, ವಿಳಾಸ ಎಲ್ಲಾ ಕಂಪನಿಯವರ ಹಂತ್ಯಾಕ ಅದಾವ್ರಿ. ನಮಗ ಬರೋದು ಶೀಟ್ ಅಷ್ಟ. ನನ್ನ ಕೈಯಾಗ ಏನೂ ಇಲ್ಲ” ಎಂದ.

ಶೀಟು ಅಷ್ಟೇ ಇದ್ದುದರಿಂದ ಮಂದಾಕಿನಿ ಶೀಟಿಗೇ ಕೈಹಾಕಿದರು. ಕತ್ತೆಯನ್ನು ಬಿಲ್ಲುಗಾರನಿಂದ ವಾಪಸು ತಂದು ಕಾರ್ವೆನ್ನನ ಹೆಸರಿಗೆ ಹಾಕಿದರು. ಪುಸ್ತಕ, ಕಂಬಳಿ, ದೀಪ, ಯಾವುದನ್ನೂ ದಾಟಿಸಲಿಲ್ಲ. ಆಮೇಲೆ ಚೌಕದಲ್ಲಿ ಅವನ ಸಾಲಿನ ಕೆಳಗೆ, ತಮಗೆ ಬರುವ ಇಂಗ್ಲಿಷಿನಲ್ಲಿ ಬರೆದರು. ನಾನು ಯಂತ್ರ ಅಲ್ಲ, ನಾನೊಬ್ಬ ಹೆಂಗಸು, ಬಹಳ ದೂರದಲ್ಲಿದ್ದೇನೆ. ಎರಡು ವರ್ಷದಿಂದ ನೀವು ಬರೆದದ್ದನ್ನು ಓದುತ್ತಿದ್ದೇನೆ. ನಿಮ್ಮ ಸಾಮಾನು ಯಾರಿಗೂ ಕೊಟ್ಟಿಲ್ಲ, ಎಲ್ಲ ನಿಮ್ಮ ಚೀಲದಲ್ಲೇ ಇದೆ. ದಯವಿಟ್ಟು ಮುಂದಿನ ಶನಿವಾರ ಬನ್ನಿ. ಕೆಳಗೆ ಕಚೇರಿಯ ಫೋನ್ ನಂಬರು ಹಾಕಿದರು.

ಪಾಳಿ ಮುಗಿದು ಉಳಿದವರು ಮನೆಗೆ ಹೋದರು. ಮಂದಾಕಿನಿ ಫೋನಿನ ಪಕ್ಕದಲ್ಲಿ ಕೂತರು. ಶೀಟನ್ನು ಆಟಗಾರ ಕಡೆಯ ಸಲ ತೆರೆದದ್ದು ಯಾವಾಗ ಎಂಬುದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಅದನ್ನೇ ನೋಡುತ್ತಿದ್ದರು. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಆ ಗಂಟೆ ಬದಲಾಯಿತು. ಅವರು ಬರೆದ ಮೇಲೆ ಆತ ಶೀಟು ತೆರೆದಿದ್ದ. ಓದಿದ್ದ.

ಫೋನು ಬರಲಿಲ್ಲ. ಸಂಜೆಯವರೆಗೂ ಬರಲಿಲ್ಲ. ಆ ಗಂಟೆ ಮತ್ತೆಂದೂ ಬದಲಾಗಲಿಲ್ಲ.

ಮುಂದಿನ ಶನಿವಾರ ಗುಂಪಿನವರು ಕಾರ್ವೆನ್ ಎಲ್ಲಿ ಎಂದು ಕೇಳಿಕೊಂಡರು, ಹಬ್ಬದ ಗಡಿಬಿಡಿಯಿರಬೇಕು ಎಂದುಕೊಂಡರು. ಬಿಲ್ಲುಗಾರ ತನ್ನ ಶೀಟಿನಲ್ಲಿ ಕತ್ತೆ ಬಂದಿಲ್ಲವೆಂದು ಯಂತ್ರಕ್ಕೆ ಬೈದ. ಫೆಬ್ರವರಿಯ ಹೊತ್ತಿಗೆ ಗುಂಪಿಗೆ ಹೊಸ ವೈದ್ಯೆ ಸೇರಿದ್ದಳು. ಅವರ ಮಾತಿನಲ್ಲಿ ಕಾರ್ವೆನ್ನನ ಹೆಸರು ಬರುವುದು ನಿಂತಿತು.

ಚೌಕದಲ್ಲಿದ್ದ ಬರಹ ಕಂಪನಿಯ ಕಣ್ಣಿಗೆ ಬಿತ್ತು. ಇವಳನ್ನು ತೆಗೆಯಿರಿ ಎಂದು ಬಂದ ಮೇಲ್‌ಗೆ ಪರಿಮಲ್‌ಭಾಯಿ ಹೇಗೋ ಸಮಾಧಾನ ಹೇಳಿ ಕೆಲಸ ಉಳಿಸಿದರು. ಇನ್ನೆಂದೂ ಬರೆಯುವುದಿಲ್ಲವೆಂದು ಮಂದಾಕಿನಿಯಿಂದ ಮತ್ತೊಂದು ಸಹಿ ಹಾಕಿಸಿಕೊಂಡರು. ಆ ಮನುಷ್ಯ ಹೇಗಿದ್ದಾನೆ ಎಂದು ಅವರೇ ಕಂಪನಿಯನ್ನು ಎರಡು ಸಲ ಕೇಳಿದರು. ಗ್ರಾಹಕರ ವಿಷಯ ಹೊರಗೆ ಹೇಳುವಂತಿಲ್ಲ ಎಂಬ ಉತ್ತರ ಬಂತು. ವಂತಿಗೆ ಕಟ್ಟದವರ ಶೀಟನ್ನು ಕೆಲವು ತಿಂಗಳಾದ ಮೇಲೆ ಅಳಿಸುವುದು ನಿಯಮ, ಅದನ್ನು ಮಾಡುವವರೂ ಪಾಳಿಯವರೇ. ಜೂನಿನ ಮೊದಲ ವಾರ ಅಳಿಸಬೇಕಾದವರ ಪಟ್ಟಿಯಲ್ಲಿ ಕಾರ್ವೆನ್ ಇದ್ದ.

ಯಾರಾದರೂ ಬೇರೆಯವರು ಮಾಡಬಹುದಿತ್ತಲ್ಲ ಎಂದರೆ ಮಂದಾಕಿನಿ ತಲೆಯಾಡಿಸುತ್ತಾರೆ. “ಬೇರೆಯವರಿಗೆ ಅವ ಯಾರಂತ ಗೊತ್ತಿಲ್ಲ. ಗೊತ್ತಿದ್ದವಳ ಕೈಯಲ್ಲೇ ಹೋಗ್ಲಿ ಅಂತ ನಾನೇ ಅಳಿಸಿದೆ. ಕಂಪ್ಯೂಟರ್ ಒಂದ್ಸಲ ಕೇಳ್ತದೆ, ಖಂಡಿತಾ ಅಳಿಸ್ಬೇಕಾ ಅಂತ. ಹೌದು ಅಂತ ಒತ್ತಬೇಕು.” ಆ ದಿನ ಅವರು ಮನೆಗೆ ಹೋಗದೆ ನೇರ ರೈಲ್ವೆ ಸ್ಟೇಷನ್ನಿಗೆ ಹೋದರು. ಸೂರತ್ತಿಗೆ ಹೋಗಿ, ಗಂಡ ದುಡಿಯುವ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತರು. ಐತಾಳರು ಕೈಯ ಹಿಟ್ಟು ತೊಳೆದು ಬಂದು ಏನಾಯಿತೆಂದು ಕೇಳಿದರು. ಏನೂ ಇಲ್ಲ, ನೋಡಬೇಕೆನಿಸಿತು ಎಂದರು. ಕರಾರಿನ ಮಾತಿರಲಿ, ಗಂಡನಿಗೆ ಈ ಕತೆಯನ್ನು ಹೇಳುವ ಧೈರ್ಯ ಅವರಿಗೆ ಇಂದಿಗೂ ಬಂದಿಲ್ಲ.

ಈಗ ಪಾಳಿಯೇ ಮುಗಿಯುವ ಹಂತಕ್ಕೆ ಬಂದಿದೆ. ವೆಬ್‌ಸೈಟು ಇಷ್ಟು ವರ್ಷ ಹೇಳಿದ ಸುಳ್ಳನ್ನು ನಿಜ ಮಾಡುವ ಪ್ರೋಗ್ರಾಮು ತಯಾರಾಗಿದೆ. ಬರೆದವನು ನಿತಿನ್. ಬರುವ ತಿಂಗಳಿಂದ ಅಂಕಿಗಳು ನಿಜಕ್ಕೂ ತಾವಾಗಿ ಬದಲಾಗುತ್ತವೆ. ಮಂದಾಕಿನಿಯ ಎದುರು ಕೂರುವಾಗ ಅವನ ತಲೆ ತಗ್ಗುತ್ತದೆ. ಇವರು ಅವನ ಮೇಲೆ ಮುನಿಸಿಕೊಂಡಿಲ್ಲ. ಒಂದೇ ಒಂದು ವಿಷಯ ಕೇಳಿದ್ದರು: ಆ ತಳದ ಚೌಕ ಓದುವುದಕ್ಕೆ ಒಬ್ಬರನ್ನಾದರೂ ಇಟ್ಟುಕೊಳ್ಳುತ್ತಾರಾ? ನಿತಿನ್ ಕಂಪನಿಯನ್ನು ಕೇಳಿದ. ಚೌಕ ಇರುತ್ತದೆ, ಓದುವ ಅಗತ್ಯ ಇರುವುದಿಲ್ಲ ಎಂದರಂತೆ.

ಗಂಟೆ ಹತ್ತಾಗುತ್ತದೆ. ಆಟ ಮುಗಿಸಿ ಅಮೆರಿಕ ಮಲಗುತ್ತದೆ, ನವರಂಗಪುರದ ಅಂಗಡಿಗಳ ಬಾಗಿಲು ಮೇಲೇಳುತ್ತದೆ. ಕೆಳಗೆ ಚಹಾದ ಗಾಡಿಯ ಪಕ್ಕ ನಿಂತು ಮಂದಾಕಿನಿ ಸಾಸರಿಗೆ ಸುರಿದ ಚಹಾ ಆರುವುದನ್ನು ಕಾಯುತ್ತಾರೆ. ಮುಂದಿನ ಕೆಲಸಕ್ಕೆ ಅಲ್ಲಿ ಇಲ್ಲಿ ವಿಚಾರಿಸಿದ್ದಾರೆ. ಸೂರತ್ತಿನ ಅಡುಗೆಮನೆಯಲ್ಲಿ ಹೆಂಗಸರಿಗೆ ಕೆಲಸವಿದೆಯಂತೆ, ಇರಲಿಕ್ಕೆ ಜಾಗವಿಲ್ಲ. ಕಂಪನಿಯ ಹೆಸರು, ವೆಬ್‌ಸೈಟಿನ ಹೆಸರು ಬರೆಯುವುದು ಬೇಡ, ಉಳಿದವರ ಕೊನೆಯ ತಿಂಗಳ ಕೆಲಸಕ್ಕೆ ಸಂಚಕಾರ ಬಂದೀತು ಎನ್ನುತ್ತಾರೆ. ತಮ್ಮ ಹೆಸರನ್ನೂ ಬಿಡಬೇಕೇ ಎಂದು ಕೇಳಿದರೆ, ಬಿಡಬೇಡಿ ಎಂದು ಕೂಡಲೇ ಹೇಳುತ್ತಾರೆ.

“ಅವತ್ತು ನಂಬರ್ ಬರೆದೆ, ಹೆಸರು ಬರೀಲಿಲ್ಲ. ಕೆಲಸ ಹೋದೀತು ಅಂತ ಹೆದರಿಕೆ. ಅವ ಓದಿದ್ದಾನೆ, ಅದು ನಂಗೆ ಗೊತ್ತುಂಟು. ಫೋನ್ ಕೈಗೆ ತಗೊಂಡಿದ್ರೂ ತಗೊಂಡಿರಬಹುದು. ತಗೊಂಡು ಯಾರನ್ನು ಕೇಳುದು ಅವ?” ಮಂದಾಕಿನಿ ಸಾಸರನ್ನು ಗಾಡಿಯ ಮೇಲಿಡುತ್ತಾರೆ. “ಪೇಪರಿನಲ್ಲಿ ಹೆಸರು ಹಾಕಿ. ಪೂರ್ತಿ ಹೆಸರು.”